ಕನಸು-ನನಸು ಗೊಂದಲ

ಕನಸಿನಲ್ಲಿ ಕಂಡದ್ದನ್ನು ಎಚ್ಚರದಲ್ಲಿ ನಡೆದದ್ದೆಂದು ನೆನಪಿಟ್ಟುಕೊಳ್ಳುವ ಸ್ಮೃತಿದೋಷ. ನೆನಪು ಎಲ್ಲಿಂದ ಬಂತೆಂದು ಗುರುತಿಸುವಲ್ಲಿ ಮಿದುಳು ಎಡವುವುದು ಕಾರಣ. ಘಟನೆ ಸಪ್ಪೆಯಾದಷ್ಟೂ ಮೋಸಹೋಗುವುದು ಸುಲಭ: ಆನೆ ಹಾರಿದ ಕನಸನ್ನು ಯಾರೂ ನಂಬರು, ಕೃಷ್ಣಾ ದಂಡೆಯ ಅಂಕಲಿಯಲ್ಲಿ ರಾತ್ರಿ ಮೋಟರ್ ಚಾಲೂ ಮಾಡಿ ಕಬ್ಬಿಗೆ ನೀರು ಬಿಟ್ಟ ನೆನಪಿರುವ ರೈತನಿಗೆ ಮಾತ್ರ, ಬೆಳಿಗ್ಗೆ ಒಣ ಸಾಲು ಕಂಡಾಗಲೇ ನಿಜ ತಿಳಿಯುವುದು. ಆರೋಗ್ಯವಂತರಲ್ಲೂ ಇದುಂಟು, ನಾರ್ಕೊಲೆಪ್ಸಿ ಎಂಬ ನಿದ್ರಾರೋಗದಲ್ಲಿ ಬಹಳ ಹೆಚ್ಚು. 2014ರ ಒಂದು ಅಧ್ಯಯನದಲ್ಲಿ ಈ ರೋಗಿಗಳ ಪೈಕಿ ಶೇ. 83, ರೋಗವಿಲ್ಲದವರಲ್ಲಿ ಶೇ. 15 ಮಂದಿ ಇಂಥ ಅನುಭವ ಹೇಳಿಕೊಂಡರು. ಕನಸು-ಎಚ್ಚರಗಳ ಭೇದ ವೇದಾಂತದಲ್ಲೂ ಚರ್ಚೆಯ ವಿಷಯ: ಗೌಡಪಾದರ ಮಾಂಡೂಕ್ಯಕಾರಿಕೆ ಕನಸು, ಎಚ್ಚರ ಎರಡನ್ನೂ ಮಿಥ್ಯೆಯೆನ್ನುತ್ತದೆ. ಎಚ್ಚರಾದೊಡನೆ ಕನಸು ಸುಳ್ಳಾಗುವುದರಿಂದ ಎರಡೂ ಬೇರೆಯೆನ್ನುತ್ತದೆ ಶಂಕರರ ಬ್ರಹ್ಮಸೂತ್ರಭಾಷ್ಯ. ಪವನ್ ಕುಮಾರ್ ನಿರ್ದೇಶನದ ಕನ್ನಡ ಚಿತ್ರ ‘ಲೂಸಿಯಾ’ (2013) ಕನಸು-ನನಸುಗಳ ಗೊಂದಲವನ್ನೇ ಕಥಾವಸ್ತುವಾಗಿಸಿಕೊಂಡಿದೆ.