ಅಂಗಡಿ ನೌಕರರೊಂದಿಗಿನ ವ್ಯಾಜ್ಯ: ಮಾಲೀಕರು ತಿಳಿದಿರಬೇಕಾದ ನಿಯಮಗಳು

ಬಟ್ಟೆ, ದಿನಸಿ, ಪಾತ್ರೆ, ಚಿನ್ನ-ಬೆಳ್ಳಿ ಅಂಗಡಿಗಳಲ್ಲಿ ಇಪ್ಪತ್ತು ವರ್ಷ ಒಂದೇ ಕಡೆ ದುಡಿದ ನೌಕರರು ಇಂದಿಗೂ ಸಿಗುತ್ತಾರೆ. ಬೀಗದ ಕೈ ಅವರ ಬಳಿಯೇ ಇರುತ್ತದೆ, ಮಾಲೀಕರ ಮನೆಯ ಮದುವೆಗೂ ಅವರೇ ಓಡಾಡುತ್ತಾರೆ. ಆದರೆ ನೇಮಕಾತಿ ಪತ್ರ ಇರುವುದಿಲ್ಲ. ಸಂಬಳ ನಗದಾಗಿ ಕೈಗೆ, ಮುಂಗಡದ ಲೆಕ್ಕ ಮಾಲೀಕರ ನೆನಪಿನಲ್ಲಿ. ನಾಳೆ ಮನಸ್ತಾಪವಾದರೆ ಕೊಟ್ಟ ಹಣಕ್ಕೂ ಸಾಕ್ಷಿ ಇಲ್ಲದಂತಾಗುತ್ತದೆ.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ಸಂಬಳ ಅಥವಾ ಬೋನಸ್ ಬಂದಿಲ್ಲವೆಂದು ನೌಕರ ದೂರು ಕೊಟ್ಟರೆ, ಕೊಟ್ಟಿದ್ದೇವೆಂದು ರುಜುವಾತು ಮಾಡುವ ಹೊಣೆ ಮಾಲೀಕರದು. ದೂರು ಸಲ್ಲಿಸಲು ಮೂರು ವರ್ಷ ಕಾಲಾವಕಾಶವಿದೆ. ಆದ್ದರಿಂದ ಸಂಬಳವನ್ನು ಬ್ಯಾಂಕ್ ಖಾತೆಗೆ ಹಾಕುವುದು, ಹಾಜರಿ ಮತ್ತು ವೇತನ ಪುಸ್ತಕ ಇಡುವುದು, ಮುಂಗಡಕ್ಕೆ ಆಯಾ ದಿನವೇ ಸಹಿ ಪಡೆಯುವುದು ಒಳ್ಳೆಯದು. ನೌಕರ ರಾಜೀನಾಮೆ ಕೊಟ್ಟರೂ, ಮಾಲೀಕರೇ ತೆಗೆದರೂ, ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕು. ಮುಂಗಡವೆಲ್ಲವನ್ನೂ ಒಂದೇ ತಿಂಗಳಲ್ಲಿ ಮುರಿದುಕೊಳ್ಳುವಂತಿಲ್ಲ. ಒಟ್ಟು ಕಡಿತ ಆ ಅವಧಿಯ ವೇತನದ ಅರ್ಧವನ್ನು ಮೀರಬಾರದು.

ದೊಡ್ಡ ಮೊತ್ತದ ತಕರಾರು ಹೆಚ್ಚಾಗಿ ಬರುವುದು ಗ್ರಾಚ್ಯುಟಿಯಲ್ಲಿ. 1972ರ ಕಾಯ್ದೆ ಕೊಟ್ಟ ಈ ಹಕ್ಕು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗೆ ಇದು ಅನ್ವಯ. ಒಮ್ಮೆ ಅನ್ವಯವಾದ ಮೇಲೆ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿದರೂ ತಪ್ಪುವುದಿಲ್ಲ. ಕಾಯಂ ನೌಕರ ಐದು ವರ್ಷ ಸತತ ಸೇವೆ ಮುಗಿಸಿರಬೇಕು. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವಾ ವರ್ಷಗಳಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. 15,600 ರೂಪಾಯಿ ವೇತನದ, 18 ವರ್ಷ ದುಡಿದ ನೌಕರನಿಗೆ 1,62,000 ರೂಪಾಯಿ. ಇದನ್ನು 30 ದಿನಗಳೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ. ದೀಪಾವಳಿಗೆ ಕೊಟ್ಟ ಉಡುಗೊರೆ, ಮಗಳ ಮದುವೆಗೆ ಮಾಡಿದ ಸಹಾಯ ಎಷ್ಟೇ ದೊಡ್ಡದಿದ್ದರೂ ಗ್ರಾಚ್ಯುಟಿಯಾಗಿ ಲೆಕ್ಕಕ್ಕೆ ಬರುವುದಿಲ್ಲ. ‘ನನಗೇನೂ ಬೇಡ’ ಎಂದು ಬರೆಸಿಕೊಂಡ ಕಾಗದವನ್ನು ನಂಬಿ ಕೂರುವುದೂ ಸರಿಯಲ್ಲ. ವರ್ಷವರ್ಷವೂ ಸ್ವಲ್ಪ ಹಣ ಬೇರೆ ತೆಗೆದಿಡುವುದು ಅಥವಾ ಎಲ್‌ಐಸಿಯಂತಹ ಸಂಸ್ಥೆಯ ಸಮೂಹ ಗ್ರಾಚ್ಯುಟಿ ಯೋಜನೆಗೆ ಸೇರುವುದು ಜಾಣತನ.

ಸಿಟ್ಟಿನಲ್ಲಿ ‘ನಾಳೆಯಿಂದ ಬರಬೇಡ’ ಎನ್ನುವುದೂ ದುಬಾರಿಯಾಗುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ, ಆರು ತಿಂಗಳು ಸತತ ದುಡಿದವರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ. ಒಂದು ತಿಂಗಳ ನೋಟಿಸ್ ಅಥವಾ ಅಷ್ಟೇ ಸಂಬಳ ಕೊಡಬೇಕು. ಗಲ್ಲಾದ ಹಣ ತೆಗೆದನೆಂಬಂತಹ ಆರೋಪವಿದ್ದರೆ ನೋಟಿಸ್ ಬೇಕಿಲ್ಲ, ಆದರೆ ಲಿಖಿತವಾಗಿ ಆರೋಪ ತಿಳಿಸಿ, ಉತ್ತರ ಪಡೆದು, ವಿಚಾರಣೆಯ ಸಾಕ್ಷ್ಯ ದಾಖಲಿಸಿರಬೇಕು. ಸಿಸಿಟಿವಿ ದೃಶ್ಯವಿದ್ದರೆ ಅಳಿಸಿಹೋಗುವ ಮೊದಲೇ ಪ್ರತಿ ತೆಗೆದಿಡಬೇಕು.

ಗೋದಾಮಿನ ಏಣಿಯಿಂದ ಬಿದ್ದರೆ ಏನು ಎಂಬುದನ್ನೂ ಯೋಚಿಸಬೇಕು. ಹತ್ತು ಅಥವಾ ಹೆಚ್ಚು ನೌಕರರಿದ್ದು ಇಎಸ್‌ಐ ಅನ್ವಯವಾಗುವ ಕಡೆ, ನೋಂದಾಯಿತ ನೌಕರನ ಚಿಕಿತ್ಸೆ ಮತ್ತು ಭತ್ಯೆಯನ್ನು ಇಎಸ್‌ಐ ನೋಡಿಕೊಳ್ಳುತ್ತದೆ. ಅದರ ವ್ಯಾಪ್ತಿಗೆ ಬರದ ಸಣ್ಣ ಅಂಗಡಿಯಲ್ಲಿ ಪರಿಹಾರದ ಹೊಣೆ ಮಾಲೀಕರ ಮೇಲೆಯೇ ಬೀಳುವುದರಿಂದ, ನೌಕರರ ಪರಿಹಾರ ವಿಮೆ ಮಾಡಿಸಿಡಬೇಕು.

ಕಾರ್ಮಿಕ ಇಲಾಖೆಯಿಂದ ನೋಟಿಸ್ ಬಂದರೆ ಡ್ರಾಯರಿಗೆ ಹಾಕಿ ಸುಮ್ಮನಾಗಬಾರದು. ನಿಗದಿತ ದಿನ ಹಾಜರಾಗದಿದ್ದರೆ ಏಕಪಕ್ಷೀಯ ಆದೇಶವಾಗುತ್ತದೆ. ಹಾಜರಾದರೆ ಅಧಿಕಾರಿಯ ಎದುರಿನಲ್ಲೇ ರಾಜಿಯಾಗಿ, ಮೊತ್ತವನ್ನು ಚೆಕ್ಕಿನಲ್ಲಿ ಕೊಟ್ಟು, ಅದನ್ನು ದಾಖಲಿಸಿಕೊಳ್ಳಲು ಅವಕಾಶವಿರುತ್ತದೆ.