ಉಪ್ಪಿನ್ಯಾಗ ಅಯೋಡಿನ್ ಹೆಂಗ ಬಂತು

ಈಗೀಗ ಯಾರ ಮನಿಗೆ ಹೋದ್ರೂ ಅಡಗಿಮನಿ ಕಟ್ಟೀ ಮ್ಯಾಲ ಗುಲಾಬಿ ಬಣ್ಣದ ಉಪ್ಪು ಕಾಣ್ತದ. "ಪಾಕೀಟಿನ ಉಪ್ಪು ಬಿಟ್ಟೀವ್ರೀ, ಅದರಾಗ ಕೆಮಿಕಲ್ ಹಾಕ್ತಾರಂತ" ಅಂತಾರ. ಯಾವ ಕೆಮಿಕಲ್ ಅಂತ ಕೇಳಿದ್ರ "ಅಯೋಡಿನ್" ಅಂತಾರ. ನಾ ಪಿಯುಸಿ ತನಕ ಓದಿದಾಕಿ, ಡಾಕ್ಟರ್ ಅಲ್ಲ. ಆದ್ರ ಆ ಅಯೋಡಿನ್ನ ಉಪ್ಪಿನ್ಯಾಗ ಯಾರು ಹಾಕಿದ್ರು, ಯಾಕ ಹಾಕಿದ್ರು ಅನ್ನೂದು ಇತಿಹಾಸ. ಅದನ್ನ ಓದಿ ಹೇಳಬಹುದು.

ಮೊದಲ ಒಂದು ಮಾತು. ನಮ್ಮ ಕೊರಳಿನ ಮುಂದ ಥೈರಾಯ್ಡ್ ಅನ್ನೂ ಸಣ್ಣ ಗ್ರಂಥಿ ಅದ. ಅದಕ್ಕ ದಿನಕ್ಕ 150 ಮೈಕ್ರೋಗ್ರಾಮಿನಷ್ಟು ಅಯೋಡಿನ್ ಬೇಕು. ಇದು ಎಷ್ಟು ಕಮ್ಮಿ ಅಂದ್ರ, ಒಬ್ಬಾಕಿ ಜೀವಮಾನ ಪೂರ್ತಿ ಉಂಡದ್ದನ್ನ ಕೂಡಿಸಿದ್ರೂ ಒಂದು ಚಹಾ ಚಮಚಾ ತುಂಬೂದಿಲ್ಲ. ಅಷ್ಟೂ ಸಿಗದಿದ್ರ ಗ್ರಂಥಿ ಉಬ್ಬತದ. ಅದನ್ನ ಗಳಗಂಡ ಅಂತಾರ. ಗಳಗಂಡ ಕಣ್ಣಿಗೆ ಕಾಣ್ತದ, ಕಾಣಲಾರದ್ದು ಅದಕ್ಕಿಂತ ಕೆಟ್ಟದ್ದು. ಬಸಿರಿದ್ದಾಗ ತಾಯಿಗೆ ಅಯೋಡಿನ್ ಭಾಳ ಕಮ್ಮಿ ಆದ್ರ ಹೊಟ್ಯಾಗಿನ ಕೂಸಿನ ಮಿದುಳು ಸರಿ ಬೆಳೆಯೂದಿಲ್ಲ. ಹುಟ್ಟಿದ ಮ್ಯಾಲ ಏನು ಉಣಿಸಿದ್ರೂ ಅದು ತಿರುಗಿ ಬರೂದಿಲ್ಲ. ಗುಡ್ಡಗಾಡಿನ ಎಷ್ಟೋ ಊರಾಗ ಕಿವುಡರು, ಮಾತು ಬರಲಾರದವರು, ಕುಳ್ಳಾಗೇ ಉಳಿದವರು ಮನಿಮನಿಗೆ ಇರ್ತಿದ್ರು. ಮಂದಿ ಅದನ್ನ ಹಣೆಬರಹ ಅಂದ್ರು, ಶಾಪ ಅಂದ್ರು, ಹಡದ ತಾಯಿಗೇ ಬೈದ್ರು.

ಖರೇ ಅಂದ್ರ ಅದು ಮಣ್ಣಿನ ದೋಷ. ಸಾವಿರಾರು ವರ್ಷದ ಮಳಿ, ಹಿಮ ಗುಡ್ಡದ ಮಣ್ಣಿನ್ಯಾಗಿನ ಅಯೋಡಿನ್ನ ತೊಳಕೊಂಡು ಹೋಗ್ಯಾವ. ಮಣ್ಣಿನ್ಯಾಗ ಇಲ್ಲಾಂದ್ರ ಬೆಳಿಯೊಳಗೂ ಇಲ್ಲ, ಆ ಮೇವು ತಿಂದ ಆಕಳ ಹಾಲಿನ್ಯಾಗೂ ಕಮ್ಮಿ. ಅಡಗಿ ಮಾಡಾಕಿ ಎಷ್ಟು ಶ್ಯಾಣ್ಯಾ ಇದ್ರೇನು, ಎಷ್ಟು ತುಪ್ಪಾ ಹಾಕಿದ್ರೇನು? ಹೊರಗಿಂದನ ತರಬೇಕು.

1811ರೊಳಗ ಫ್ರಾನ್ಸಿನ ಕೂರ್ತ್ವಾ ಅನ್ನಾಂವ ಸಮುದ್ರದ ಪಾಚಿ ಸುಟ್ಟ ಬೂದಿಯೊಳಗ ಅಯೋಡಿನ್ ಕಂಡುಹಿಡಿದ. 1820ರೊಳಗ ಜಿನೀವಾದ ಡಾಕ್ಟರ್ ಕ್ವಾಂದೆ ಗಳಗಂಡಕ್ಕ ಅದನ್ನ ಔಷಧ ಅಂತ ಕೊಟ್ಟ. ಅಳತಿ ಗೊತ್ತಿರಲಿಲ್ಲ, ಹೆಚ್ಚು ಕೊಟ್ಟು ಎಷ್ಟೋ ಮಂದಿಗೆ ತ್ರಾಸಾಗಿ ಅದು ಹೆಸರು ಕೆಡಿಸ್ಕೊಂಡಿತು. ನೂರು ವರ್ಷ ಆದ ಮ್ಯಾಲ ಅದೇ ಸ್ವಿಟ್ಜರ್‌ಲ್ಯಾಂಡಿನ್ಯಾಗ ಬೇಯಾರ್ಡ್ ಅನ್ನೂ ಹಳ್ಳೀ ಡಾಕ್ಟರ್, ತೀರಾ ಸಣ್ಣ ಅಳತಿಯೊಳಗ ಉಪ್ಪಿಗೆ ಕಲಸಿ ಗುಡ್ಡದ ಮಂದಿಗೆ ಕೊಟ್ಟು ನೋಡಿದ. 1922ರೊಳಗ ಅಲ್ಲಿ ಒಂದು ಪ್ರಾಂತದಾಗ ಅಂಥಾ ಉಪ್ಪು ಅಂಗಡಿಗೇ ಬಂತು. ಎರಡು ವರ್ಷಕ್ಕ ಅಮೆರಿಕಾದ ಮಿಷಿಗನ್ನಿನ್ಯಾಗೂ ಶುರು ಆತು. ಉಪ್ಪನ್ನೇ ಯಾಕ ಆರಿಸ್ಕೊಂಡ್ರು ಅಂದ್ರ ಬಡವ್ರು, ಶ್ರೀಮಂತ್ರು ಎಲ್ಲಾರೂ ದಿನಾ ಹೆಚ್ಚೂಕಮ್ಮಿ ಅಷ್ಟೇ ತಿಂತಾರ. ಬ್ಯಾರೆ ಯಾವ ಪದಾರ್ಥದ ಬಗ್ಗೆ ಹಂಗ ಹೇಳಾಕ ಬರತದ ಹೇಳ್ರಿ?

ನಮ್ಮ ದೇಶದ ಕಥಿ ಕಾಂಗ್ರಾ ಕಣಿವಿಯೊಳಗ ಅದ. ಈಗ ಅದು ಹಿಮಾಚಲ ಪ್ರದೇಶ, 1956ರಾಗ ಪಂಜಾಬದಾಗ ಇತ್ತು. ಆಂಧ್ರದ ಶ್ರೀಕಾಕುಳಂ ಕಡೀ ಡಾಕ್ಟರ್ ವಿ. ರಾಮಲಿಂಗಸ್ವಾಮಿ ಮತ್ತ ಅವರ ಜೋಡಿಯವರು ಅಲ್ಲಿ ಸಾಲಿ ಹುಡುಗರ ಕೊರಳು ಮುಟ್ಟಿ ನೋಡಿದ್ರು. ನೂರರಾಗ ಸುಮಾರು 38 ಹುಡುಗರಿಗೆ ಗಳಗಂಡ! ಅವರು ಕಣಿವಿಯನ್ನ ಮೂರು ಭಾಗ ಮಾಡಿದ್ರು. ಒಂದಕ್ಕ ಪೊಟ್ಯಾಸಿಯಂ ಅಯೋಡೈಡ್ ಹಾಕಿದ ಉಪ್ಪು, ಇನ್ನೊಂದಕ್ಕ ಪೊಟ್ಯಾಸಿಯಂ ಅಯೋಡೇಟ್ ಹಾಕಿದ ಉಪ್ಪು, ಮೂರನೇದಕ್ಕ ಬರೇ ಉಪ್ಪು. ತಿನ್ನೂ ಮಂದಿಗೆ ರುಚಿಯೊಳಗ ಏನೂ ಫರಕ ಇಲ್ಲ.

1962ರ ಹೊತ್ತಿಗೆ ಮತ್ತ ಹೋಗಿ ಕೊರಳು ನೋಡಿದ್ರು. ಅಯೋಡಿನ್ ಉಪ್ಪು ತಿಂದ ಎರಡೂ ಭಾಗದಾಗ ಗಳಗಂಡ ಅರ್ಧಕ್ಕ, ಅದಕ್ಕಿಂತ ಕೆಳಗ ಇಳದಿತ್ತು. ಬರೇ ಉಪ್ಪು ತಿಂದ ಭಾಗದಾಗ ಇದ್ದದ್ದು ಇದ್ದಂಗೇ ಇತ್ತು. ಆಮ್ಯಾಲ ಆ ಭಾಗಕ್ಕೂ ಅಯೋಡಿನ್ ಉಪ್ಪು ಕೊಟ್ಟ್ರು, ಅಲ್ಲೂ ಇಳೀತು.

ಈ ಮೂರನೇ ಭಾಗದ ವಿಚಾರ ಮಾಡಿದ್ರ ನನಗ ಕಸಿವಿಸಿ ಆಗ್ತದ. ಆ ವರ್ಷಗಳೊಳಗ ಅಲ್ಲಿ ಬಸಿರಾದ ಹೆಣ್ಣಮಕ್ಕಳು ಎಷ್ಟೋ. ಮಗ್ಗಲ ಊರಾಕಿಗೆ ಸಿಕ್ಕದ್ದು ತನಗ ಸಿಕ್ಕಿಲ್ಲ ಅನ್ನೂದು ಅವರಿಗೆ ಗೊತ್ತಾಗೂ ದಾರೀನೂ ಇರಲಿಲ್ಲ. ಇಂದಿನ ದಿನ ಹಂಗ ಬಿಟ್ಟು ನೋಡಾಕ ಯಾರೂ ಒಪ್ಪೂದಿಲ್ಲ ಅಂತ ನಾ ತಿಳೀತೀನಿ. ಆದ್ರ ಆ ಮೂರನೇ ಭಾಗ ಇರದಿದ್ರ, ಸರಕಾರದ ಮುಂದ ಇಟ್ಟು ತೋರಸಾಕ ಅಷ್ಟು ಗಟ್ಟಿ ಪುರಾವಾನೂ ಇರ್ತಿರಲಿಲ್ಲ.

1962ರಾಗ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಆದ್ರ ಹಿಮಾಲಯದ ಬುಡದ ಮಂದಿಗಷ್ಟೇ. ಆಮ್ಯಾಲ ಬ್ಯಾರೆ ಕಡೆ ನೋಡಿದ್ರ ಬಯಲುಸೀಮಿಯೊಳಗೂ ಇತ್ತು, ನಮ್ಮ ರಾಜ್ಯದ ಚಿಕ್ಕಮಗಳೂರು, ಕೊಡಗಿನಂಥಾ ಜಿಲ್ಲಾದಾಗೂ ಇತ್ತು. 1984ರಾಗ ದೇಶದ ಎಲ್ಲಾ ಉಪ್ಪಿಗೂ ಅಯೋಡಿನ್ ಅಂತ ಠರಾವು ಆತು, 1986ರಿಂದ ಹಂತಹಂತವಾಗಿ ಶುರು ಮಾಡಿದ್ರು. ನಮ್ಮ ಸಣ್ಣಂದಿರತನದಾಗ ಕಿರಾಣಿ ಅಂಗಡಿ ಕಟ್ಟೀ ಮ್ಯಾಲ ಉಪ್ಪಿನ ಚೀಲ ರಾತ್ರಿ ಹೊರಗೇ ಇರ್ತಿತ್ತು, ಯಾರೂ ಮುಟ್ಟತಿರಲಿಲ್ಲ. ಅದೇ ಉಪ್ಪು ಪ್ಲಾಸ್ಟಿಕ್ ಪಾಕೀಟಿನ್ಯಾಗ ಕೂತು ಅಂಗಡಿ ಒಳಗ ಹೋತು. ತುಟ್ಟಿ ಆತು ಅಂತ ಗೊಣಗಿದವರು ಭಾಳ, ಯಾಕ ಅಂತ ತಿಳಿಸಿ ಹೇಳಿದವರು ಕಮ್ಮಿ.

ಗೊಣಗಿದವರದು ಎಲ್ಲಾ ಸುಳ್ಳೂ ಅಲ್ಲ. ಸಮುದ್ರದ ದಂಡೀ ಮ್ಯಾಲ ಸಣ್ಣ ಆಗರ ಇಟ್ಟುಕೊಂಡವರಿಗೆ ಅಯೋಡಿನ್ ಸಿಂಪಡಿಸೂ ಯಂತ್ರ ಎಲ್ಲಿಂದ ಬರಬೇಕು? 1930ರಾಗ ಅಂಕೋಲಾದಾಗ ಉಪ್ಪು ಮಾಡಿ ಜೇಲಿಗೆ ಹೋದವರ ನಾಡು ಇದು. ಉಪ್ಪಿಗೆ ಸರಕಾರ ಕೈ ಹಾಕಿದ್ರ ಮಂದಿಗೆ ಸಿಟ್ಟು ಬರೂದು ಸಹಜ. 2000ದಾಗ ಕೇಂದ್ರ ಸರಕಾರ ಅಯೋಡಿನ್ ಇಲ್ಲದ ಉಪ್ಪಿನ ಮ್ಯಾಲಿನ ನಿಷೇಧ ತಗದೇಬಿಟ್ಟಿತ್ತು, 2006ರಾಗ ತಿರುಗಿ ತಂತು. 2018-19ರ ಸಮೀಕ್ಷಾದಾಗ ದೇಶದ ನೂರು ಮನಿಯೊಳಗ ಬೇಕಾದಷ್ಟು ಅಯೋಡಿನ್ ಇದ್ದ ಉಪ್ಪು ಸಿಕ್ಕದ್ದು ಸುಮಾರು 76ರಾಗ.

ಈಗ ನಮ್ಮ ಅಡಗಿಮನಿಗೆ ಬರೋಣು. ಗುಲಾಬಿ ಉಪ್ಪು ಅಂದ್ರ ಸೈಂಧವ, ಪಾಕಿಸ್ತಾನದ ಖೇವ್ಡಾ ಅನ್ನೂ ಗಣಿಯೊಳಗ ಸಿಗತದ. ಅದರಾಗ ಅಯೋಡಿನ್ ಇಲ್ಲ ಅನ್ನೂವಷ್ಟು ಕಮ್ಮಿ. ಏಕಾದಶಿಗೆ ಸೈಂಧವ ಹಾಕೂದು ಹಿಂದಿನಿಂದ ಬಂದದ, ತಿಂಗಳಿಗೆ ಎರಡು ದಿನ, ಅದಕ್ಕ ನನ್ನ ತಕರಾರಿಲ್ಲ. ದಿನದ ಸಾರು, ಪಲ್ಯಾಕ್ಕೂ ಅದನ್ನೇ ಹಾಕೂ ಮನಿಯೊಳಗ ಸೊಸಿಯೋ ಮಗಳೋ ಬಸಿರಿದ್ರ ನನಗ ಸುಮ್ಮನಿರಾಕ ಆಗೂದಿಲ್ಲ, ಬೈಸ್ಕೊಂಡ್ರೂ ಹೇಳಿ ಬರ್ತೀನಿ.

"ಸಮುದ್ರದ ಉಪ್ಪು ಅಂದಮ್ಯಾಲ ಅಯೋಡಿನ್ ತಾನೇ ಇರ್ತದಲ್ಲಾ?" ಅಂತ ಕೇಳ್ತಾರ. ಸಮುದ್ರದ ನೀರಿನ್ಯಾಗ ಅದ, ಮೀನಿನ್ಯಾಗ ಅದ. ನೀರು ಬತ್ತಿಸಿ ಮಾಡಿದ ಉಪ್ಪಿನ್ಯಾಗ ಮಾತ್ರ ಹೆಚ್ಚೇನೂ ಉಳಿಯೂದಿಲ್ಲ. ಹರಳುಪ್ಪು ತಗೊಳ್ಳೋದಾದ್ರೂ ಅಯೋಡಿನ್ ಅಂತ ಬರದದ್ದು ನೋಡಿ ತಗೋರಿ. ಆದ್ರ ಕಸಾ ಅದ ಅಂತ ಅದನ್ನ ತೊಳದ್ರ, ಮ್ಯಾಲ ಹಚ್ಚಿದ ಅಯೋಡಿನ್ ನೀರಿನ ಕೂಡ ಹೋಗ್ತದ. ಬಿ.ಪಿ. ಇದ್ದವರು ಉಪ್ಪು ಕಮ್ಮಿ ಮಾಡ್ರಿ, ಆ ಕಮ್ಮಿದೂ ಅಯೋಡಿನ್ ಇದ್ದದ್ದೇ ಇರ್ಲಿ. ಥೈರಾಯ್ಡ್ ಗುಳಗಿ ತಗೊಳ್ಳಾವರು ನಿಮ್ಮ ಡಾಕ್ಟರನ್ನೇ ಕೇಳ್ರಿ, ನನ್ನನ್ನ ಬ್ಯಾಡ.

ಮಾವಿನಕಾಯಿ ಹಂಗಾಮಿನ್ಯಾಗ ಇನ್ನೊಂದು ಪ್ರಶ್ನಿ ಬಂದೇ ಬರ್ತದ, ಅಯೋಡಿನ್ ಉಪ್ಪು ಹಾಕಿದ್ರ ಉಪ್ಪಿನಕಾಯಿ ಕೆಡತದೇನು ಅಂತ. ಪರೀಕ್ಷಾ ಮಾಡಿದವರಿಗೆ ಬಣ್ಣದಾಗ, ರುಚಿಯೊಳಗ ಫರಕ ಕಂಡಿಲ್ಲ. ಕೆಡೂದು ಹಸಿ ಚಮಚಾ ಹಾಕಿದ್ದಕ್ಕ.