ಎರಡು ವರ್ಷದ ಗಡುವು, ನಲವತ್ತು ವರ್ಷದ ರೋಗ: ಮುಂಬಯಿಯ ಕಲ್ನಾರು ಕಾರ್ಮಿಕರ ಪರಿಹಾರದ ಇತಿಹಾಸ

ಮುಂಬಯಿಯ ಪೂರ್ವದಂಚಿನಲ್ಲಿ ಸಾಯನ್ ಕೋಳಿವಾಡಾ ಮತ್ತು ವಡಾಲಾಗಳ ನಡುವೆ ಹಬ್ಬಿರುವ ಆಂಟಾಪ್ ಹಿಲ್, ದೊಡ್ಡ ಕಾರ್ಖಾನೆಗಳಿಗಿಂತ ಹೆಚ್ಚಾಗಿ ದುಡಿಯುವವರ ವಸತಿಗೆ ಹೆಸರಾದ ಪ್ರದೇಶ. ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳು, ಗೋದಾಮುಗಳು, ಸಂಗಮ್ ನಗರ ಮತ್ತು ಕೋಕರಿ ಅಗರ್‌ನಂಥ ದಟ್ಟ ಬಸ್ತಿಗಳು ಇಲ್ಲಿ ಒಂದಕ್ಕೊಂದು ತಾಗಿಕೊಂಡಿವೆ. ಇಲ್ಲಿಂದ ದಕ್ಷಿಣಕ್ಕೆ ಬಂದರಿನ ಅಂಚು ಹಿಡಿದು ಹೋದರೆ ಹಳೆಯ ಹಡಗುಗಳನ್ನು ಒಡೆಯುವ ದಾರುಖಾನಾ ಸಿಗುತ್ತದೆ. ಸಾಯನ್‌ನಿಂದ ರೈಲು ಹಿಡಿದರೆ ಘಾಟ್ಕೋಪರ್ ಮತ್ತು ಮುಲುಂಡ್‌ಗಳ ಕೈಗಾರಿಕಾ ಪಟ್ಟಿಯನ್ನು ತಲುಪಬಹುದು. ವಡಾಲಾದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯೂ ಮಾಟುಂಗಾದ ಕರ್ನಾಟಕ ಸಂಘವೂ ಇದೇ ಆಸುಪಾಸಿನಲ್ಲಿದ್ದು, ದುಡಿಮೆಗೆಂದು ಬಂದ ಕನ್ನಡಿಗರಿಗೂ ಇದು ಪರಿಚಿತ ನೆಲ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಈ ನಗರದ ಕಾರ್ಮಿಕರಿಗೆ ತಂದ ರೋಗಗಳಿಗೆ ಕಾನೂನು ಕೊಟ್ಟ ಪರಿಹಾರದ ಇತಿಹಾಸ ಈ ಪಟ್ಟಿಯುದ್ದಕ್ಕೂ ಹರಡಿಕೊಂಡಿದೆ.

ಕಲ್ನಾರು ಎಂಬುದು ನಾರಿನಂತೆ ಎಳೆಎಳೆಯಾಗಿ ಬಿಡಿಸಬಹುದಾದ ಖನಿಜಗಳಿಗೆ ಒಟ್ಟಾಗಿ ಸಲ್ಲುವ ಹೆಸರು. ಬೆಂಕಿಗೆ ಸುಡದ, ಆಮ್ಲಕ್ಕೆ ಸುಲಭವಾಗಿ ಕರಗದ, ನೂತು ನೇಯಬಹುದಾದ ಈ ವಸ್ತು ಮೈಸೂರು ಸೀಮೆಗೂ ಹೊಸದಲ್ಲ. ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಅದರ ನಿಕ್ಷೇಪಗಳಿದ್ದವು. ಅದರ ಧೂಳಿನಿಂದ ಬರುವ ರೋಗಗಳಲ್ಲಿ ಮೂರು ಮುಖ್ಯ. ಶ್ವಾಸಕೋಶ ನಾರುಗಟ್ಟಿ ಬಿರುಸಾಗುವ ಆಸ್ಬೆಸ್ಟೋಸಿಸ್ ಒಂದು, ಶ್ವಾಸಕೋಶದ ಕ್ಯಾನ್ಸರ್ ಇನ್ನೊಂದು, ಶ್ವಾಸಕೋಶವನ್ನೋ ಹೊಟ್ಟೆಯ ಒಳಗನ್ನೋ ಸುತ್ತಿರುವ ತೆಳುಪೊರೆಗೆ ತಗಲುವ ಮೆಸೊಥೀಲಿಯೋಮಾ ಎಂಬ ಕ್ಯಾನ್ಸರ್ ಮೂರನೆಯದು. ಧೂಳು ಸೇವಿಸಿದ ದಿನಕ್ಕೂ ಕ್ಯಾನ್ಸರ್ ಕಾಣಿಸುವ ದಿನಕ್ಕೂ ನಡುವೆ ಸಾಮಾನ್ಯವಾಗಿ 20ರಿಂದ 40 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಳೆದಿರುತ್ತದೆ. ಪರಿಹಾರದ ಕಾನೂನುಗಳು ಎಡವಿದ್ದು ಬಹುಪಾಲು ಈ ಅಂತರದಲ್ಲಿಯೇ.

ಮುಂಬಯಿಗೆ ಈ ಉದ್ಯಮ ಬಂದದ್ದು ಬ್ರಿಟಿಷ್ ಬಂಡವಾಳದ ಜೊತೆಗೆ. 1920ರಲ್ಲಿ ರೂಪುಗೊಂಡ ಟರ್ನರ್ ಅಂಡ್ ನ್ಯೂವಾಲ್ ಸಮೂಹದ ಹಿತಾಸಕ್ತಿ ಇದ್ದ ಆಸ್ಬೆಸ್ಟಾಸ್ ಸಿಮೆಂಟ್ ಕಂಪನಿ 1934ರಲ್ಲಿ ಭಾರತದಲ್ಲಿ ಉತ್ಪಾದನೆ ಆರಂಭಿಸಿ, ಮುಂದೆ ಮುಲುಂಡ್‌ನಲ್ಲಿಯೂ ಎವರೆಸ್ಟ್ ಹೆಸರಿನ ಶೀಟುಗಳನ್ನು ತಯಾರಿಸಿತು. ಸ್ವಾತಂತ್ರ್ಯಾನಂತರ ಅದೇ ಸಮೂಹದ ಹಿಂದುಸ್ತಾನ್ ಫೆರೋಡೊ, ಘಾಟ್ಕೋಪರ್‌ನಲ್ಲಿ ವಾಹನಗಳ ಬ್ರೇಕ್ ಲೈನಿಂಗ್, ಕ್ಲಚ್ ಮತ್ತು ಕಲ್ನಾರಿನ ಬಟ್ಟೆಗಳನ್ನು ತಯಾರಿಸಿತು. ಈ ಕಂಪನಿ ಮುಂದೆ ಹಿಂದುಸ್ತಾನ್ ಕಾಂಪೋಸಿಟ್ಸ್ ಎಂದು ಹೆಸರು ಬದಲಿಸಿಕೊಂಡಿತು.

ಈ ಬ್ರಿಟಿಷ್ ಸಮೂಹದ ಮೂಲ ನೆಲವಾದ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1934ಕ್ಕೂ ಮೊದಲೇ ನಡೆದುಹೋಗಿದ್ದನ್ನು ಇಲ್ಲಿ ನೆನೆಯಬೇಕಾಗುತ್ತದೆ. ಟರ್ನರ್ ಬ್ರದರ್ಸ್ ಗಿರಣಿಯಲ್ಲಿ ಕಲ್ನಾರು ನೂಲುತ್ತಿದ್ದ ನೆಲಿ ಕರ್ಶಾ ಎಂಬ ಮಹಿಳೆ 1924ರ ಮಾರ್ಚ್‌ನಲ್ಲಿ 33ನೆಯ ವಯಸ್ಸಿಗೆ ತೀರಿಕೊಂಡಳು. ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ವಿಲಿಯಂ ಕುಕ್ ಕಲ್ನಾರಿನ ಧೂಳೇ ಸಾವಿನ ಕಾರಣವೆಂದು ತೀರ್ಮಾನಿಸಿ, 1927ರಲ್ಲಿ ಆ ರೋಗವನ್ನು ಆಸ್ಬೆಸ್ಟೋಸಿಸ್ ಎಂಬ ಹೆಸರಿನಿಂದ ವರ್ಣಿಸಿದರು. ಕೊಟ್ಟರೆ ಮುಂದೆ ಅದೇ ಪೂರ್ವನಿದರ್ಶನವಾದೀತೆಂಬ ಅಂಜಿಕೆಯಿಂದ ಕಂಪನಿ ಆಕೆಯ ಅಂತ್ಯಕ್ರಿಯೆಯ ಖರ್ಚಿಗೂ ಹಣ ಕೊಡಲಿಲ್ಲ. ಮೆರ್‌ವೆದರ್ ಮತ್ತು ಪ್ರೈಸ್ ಎಂಬ ಅಧಿಕಾರಿಗಳ ವರದಿ 1930ರಲ್ಲಿ ಬಂದು, ಮರುವರ್ಷ ಬ್ರಿಟನ್ನಿನಲ್ಲಿ ಧೂಳು ನಿಯಂತ್ರಣದ ನಿಯಮಗಳು ಸಿದ್ಧವಾದವು. ಎಂದರೆ, ಆ ಸಮೂಹ ಭಾರತದಲ್ಲಿ ಕಾರ್ಖಾನೆ ತೆರೆಯುವ ಹೊತ್ತಿಗೆ ಅಪಾಯ ಗೊತ್ತಿರಲಿಲ್ಲವೆಂಬ ವಾದಕ್ಕೆ ನೆಲೆಯೇ ಉಳಿದಿರಲಿಲ್ಲ. ಕ್ಯಾನ್ಸರಿನ ಸಾಕ್ಷ್ಯ ಮಾತ್ರ ಸ್ವಲ್ಪ ತಡವಾಗಿ ಬಂತು: ರಿಚರ್ಡ್ ಡಾಲ್ 1955ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೂ, ದಕ್ಷಿಣ ಆಫ್ರಿಕದ ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ಮೆಸೊಥೀಲಿಯೋಮಾಕ್ಕೂ ಕಲ್ನಾರಿನೊಂದಿಗಿರುವ ನಂಟನ್ನು ತೋರಿಸಿಕೊಟ್ಟರು.

ನೆಲಿ ಕರ್ಶಾ ತೀರಿಕೊಂಡ ವರ್ಷವೇ, 1924ರ ಜುಲೈ 1ರಂದು, ಭಾರತದಲ್ಲಿ 1923ರ ಕೆಲಸಗಾರರ ಪರಿಹಾರ ಕಾಯ್ದೆ ಜಾರಿಗೆ ಬಂತು. ಮಾಲೀಕನ ತಪ್ಪನ್ನು ಸಾಬೀತುಪಡಿಸುವ ಹೊರೆಯಿಲ್ಲದೆ, ಕೆಲಸದಿಂದ ಉಂಟಾದ ಗಾಯಕ್ಕೆ ನಿಗದಿತ ಮೊತ್ತ ಕೊಡಿಸುವುದು ಅದರ ಉದ್ದೇಶವಾಗಿತ್ತು. 2009ರ ತಿದ್ದುಪಡಿಯಿಂದ ಅದು ನೌಕರರ ಪರಿಹಾರ ಕಾಯ್ದೆಯೆನಿಸಿತು. ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ, ಅಂದರೆ ಕೆಲಸದಿಂದಲೇ ಬರುವ ರೋಗಗಳ ಪಟ್ಟಿ ಇದ್ದು, ಅದು ಮುಂದೆ ಬೆಳೆದಂತೆ ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಸೊಥೀಲಿಯೋಮಾಗಳು ಅದರ ‘ಬಿ’ ಭಾಗದಲ್ಲಿಯೂ, ಆಸ್ಬೆಸ್ಟೋಸಿಸ್ ‘ಸಿ’ ಭಾಗದಲ್ಲಿಯೂ ಸ್ಥಾನ ಪಡೆದವು. ‘ಬಿ’ ಭಾಗದ ರೋಗಕ್ಕೆ ಒಬ್ಬನೇ ಮಾಲೀಕನ ಬಳಿ ಕನಿಷ್ಠ ಆರು ತಿಂಗಳು ಸತತವಾಗಿ ದುಡಿದಿದ್ದರೆ ಸಾಕು, ರೋಗ ಕೆಲಸದಿಂದಲೇ ಬಂತೆಂದು ಕಾನೂನು ಭಾವಿಸಿಕೊಳ್ಳುತ್ತಿತ್ತು. ಹಾಗಲ್ಲವೆಂದು ತೋರಿಸುವ ಹೊಣೆ ಮಾಲೀಕನದಾಗುತ್ತಿತ್ತು. ಕಾಗದದ ಮೇಲೆ ಇದು ಕಾರ್ಮಿಕನಿಗೆ ಸಾಕಷ್ಟು ಅನುಕೂಲವಾದ ನಿಯಮವೇ.

ತೊಡಕಿದ್ದದ್ದು ಹತ್ತನೆಯ ಕಲಮಿನಲ್ಲಿ. ಅರ್ಜಿಯನ್ನು ಎರಡು ವರ್ಷದೊಳಗೆ ಸಲ್ಲಿಸಬೇಕೆಂಬ ಗಡುವಿನ ಜೊತೆಗೆ, ಕೆಲಸ ಬಿಟ್ಟವನ ರೋಗಲಕ್ಷಣಗಳು ಬಿಟ್ಟ ಎರಡು ವರ್ಷದೊಳಗೆ ಕಾಣಿಸಿಕೊಂಡರೆ ಲಕ್ಷಣ ಪತ್ತೆಯಾದ ದಿನವನ್ನೇ ಅಪಘಾತದ ದಿನವೆಂದು ಎಣಿಸಬೇಕೆಂಬ ಉಪಬಂಧವೂ ಅಲ್ಲಿತ್ತು. ಯಂತ್ರಕ್ಕೆ ಕೈ ಸಿಕ್ಕವನಿಗೆ ಎರಡು ವರ್ಷ ಧಾರಾಳವಾಯಿತು. ಮೂವತ್ತು ವರ್ಷ ಕಲ್ನಾರು ಬೆರೆಸಿ, ನಿವೃತ್ತನಾಗಿ, ಊರಿಗೆ ಮರಳಿ ಹದಿನೈದನೆಯ ವರ್ಷದಲ್ಲಿ ಎದೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದವನಿಗೆ ಆ ಉಪಬಂಧ ನಿಲುಕುವಂತಿರಲಿಲ್ಲ. ತಡವನ್ನು ಸಕಾರಣವಿದ್ದರೆ ಮನ್ನಿಸುವ ಅಧಿಕಾರ ಪರಿಹಾರ ಆಯುಕ್ತರಿಗೆ ಇತ್ತೆನ್ನುವುದು ನಿಜ. ಆದರೆ ಹಕ್ಕಾಗಿ ಸಿಗಬೇಕಾದದ್ದು ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯವಾಯಿತು.

ಮೊತ್ತದ ಲೆಕ್ಕದಲ್ಲಿಯೂ ಇದೇ ದೋಷ ಅಡಗಿತ್ತು. ಪೂರ್ಣ ಶಾಶ್ವತ ಅಸಾಮರ್ಥ್ಯಕ್ಕೆ ತಿಂಗಳ ವೇತನದ ಶೇ. 60ನ್ನು, ಸಾವಿಗೆ ಶೇ. 50ನ್ನು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕಿತ್ತು. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯಬಹುದಾಗಿದ್ದ ವೇತನದ ಮಿತಿ 15,000 ರೂಪಾಯಿಯಾಗಿತ್ತು. ಆ ಮಿತಿಯ ವೇತನ ಪಡೆಯುವ 20 ವರ್ಷದವನ ಗುಣಕ 224.00 ಆದ್ದರಿಂದ ಅವನ ಪೂರ್ಣ ಅಸಾಮರ್ಥ್ಯಕ್ಕೆ 20,16,000 ರೂಪಾಯಿ ಬರುತ್ತಿತ್ತು. 65 ದಾಟಿದವನ ಗುಣಕ 99.37, ಮೊತ್ತ 8,94,330 ರೂಪಾಯಿ. ಎಷ್ಟು ವರ್ಷದ ಗಳಿಕೆ ಕೈತಪ್ಪಿತು ಎಂಬುದನ್ನು ಅಳೆಯುವ ಈ ಕೋಷ್ಟಕ ತನ್ನ ತರ್ಕದಲ್ಲಿ ಸರಿಯೇ ಇದ್ದರೂ, ಮುಪ್ಪಿನಲ್ಲಿ ಮಾತ್ರ ಹೊರಬೀಳುವ ರೋಗಕ್ಕೆ ಅದನ್ನು ಹಚ್ಚಿದಾಗ, ರೋಗ ತಡವಾಗಿ ತೋರಿದ್ದರ ಲಾಭ ಮಾಲೀಕನಿಗೇ ಸಂದಿತು.

ಎರಡನೆಯ ದಾರಿ 1948ರ ನೌಕರರ ರಾಜ್ಯ ವಿಮಾ ಕಾಯ್ದೆ, ಜನರ ಬಾಯಲ್ಲಿ ಇ.ಎಸ್.ಐ. ವಿಮೆಗೆ ಒಳಪಟ್ಟ ಕಾರ್ಮಿಕನಿಗೆ ಔದ್ಯೋಗಿಕ ರೋಗ ಬಂದರೆ ವೈದ್ಯಕೀಯ ಮಂಡಳಿ ಅಸಾಮರ್ಥ್ಯದ ಪ್ರಮಾಣ ನಿರ್ಧರಿಸುತ್ತಿತ್ತು, ಒಮ್ಮೆಗೇ ಮೊತ್ತ ಕೊಡುವ ಬದಲು ವೇತನದ ಶೇ. 90ನ್ನು ಆಧಾರವಾಗಿಟ್ಟು ಕಾಲಕಾಲಕ್ಕೆ ಹಣ ಬರುತ್ತಿತ್ತು, ಸತ್ತರೆ ಅವಲಂಬಿತರಿಗೆ ಪಾಲು ಸಲ್ಲುತ್ತಿತ್ತು. ಇದರ ಬದಲಿಗೆ ಕಾರ್ಮಿಕ ಬಿಟ್ಟುಕೊಟ್ಟದ್ದು ದಾವೆಯ ಹಕ್ಕನ್ನು. ವಿಮೆಗೆ ಒಳಪಟ್ಟವನು ಅದೇ ಗಾಯಕ್ಕೆ ಮಾಲೀಕನಿಂದ ಬೇರೆ ಕಾನೂನಿನಡಿ ಪರಿಹಾರ ಕೇಳುವಂತಿಲ್ಲವೆಂದು 53ನೆಯ ಕಲಮು ಹೇಳಿತು, ಸುಪ್ರೀಂ ಕೋರ್ಟು 1996ರ ಟ್ರೆಹಾನ್ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು.

ಅದಕ್ಕೂ ಒಂದು ವರ್ಷ ಮೊದಲು, 1995ರ ಜನವರಿ 27ರಂದು, ಅದೇ ನ್ಯಾಯಾಲಯ ಈ ಇತಿಹಾಸದ ಅತ್ಯಂತ ಮುಖ್ಯ ತೀರ್ಪನ್ನು ಕೊಟ್ಟಿತ್ತು. ಅಹಮದಾಬಾದಿನ ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ 1986ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ನ್ಯಾಯಮೂರ್ತಿ ಕೆ. ರಾಮಸ್ವಾಮಿ ಬರೆದ ಆ ತೀರ್ಪು, ಕಾರ್ಮಿಕನ ಆರೋಗ್ಯದ ಹಕ್ಕನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಗುಜರಾತಿನ ಕಾರ್ಮಿಕರನ್ನು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಮರುಪರೀಕ್ಷಿಸಬೇಕು, ರೋಗ ದೃಢಪಟ್ಟ ಪ್ರತಿಯೊಬ್ಬನಿಗೂ ಕಾರ್ಖಾನೆ ಮೂರು ತಿಂಗಳೊಳಗೆ ಒಂದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆ ಒಂದು ಲಕ್ಷಕ್ಕಿಂತ ಹೆಚ್ಚು ದೂರಗಾಮಿಯಾದದ್ದು, ನೋಡುವುದಕ್ಕೆ ಗುಮಾಸ್ತಿಕೆಯಂತಿರುವ ಇನ್ನೊಂದು ನಿರ್ದೇಶನ: ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕು. ಭಾರತದ ಕಾನೂನು ರೋಗದ ಕಾಲಮಾನವನ್ನು ಗುರುತಿಸಿ ಮಾತನಾಡಿದ್ದು ಇಲ್ಲಿ.

ತೀರ್ಪು ಬಂದು ಸುಮಾರು ಹತ್ತು ವರ್ಷವಾದ ಮೇಲೂ ಮುಂಬಯಿಯ ಸ್ಥಿತಿ ಹೇಗಿತ್ತೆಂಬುದಕ್ಕೆ, ಡಾಕ್ಟರ್ ವಿ. ಮುರಳೀಧರ್ ಮತ್ತು ವಿಜಯ್ ಕಾನ್ಹೇರೆ 2005ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಹಿಂದುಸ್ತಾನ್ ಕಾಂಪೋಸಿಟ್ಸ್ ಕಾರ್ಖಾನೆಯ 232 ಕಾಯಂ ಕಾರ್ಮಿಕರಲ್ಲಿ 181 ಮಂದಿ ತಪಾಸಣೆಗೆ ಬಂದರು. ಕೆಲಸದ ಪೂರ್ವವೃತ್ತಾಂತ, ಎದೆಯ ಎಕ್ಸ್-ರೇ ಮತ್ತು ಉಸಿರಾಟದ ಸಾಮರ್ಥ್ಯದ ಪರೀಕ್ಷೆಗಳ ನಂತರ ಅವರಲ್ಲಿ 41 ಮಂದಿಗೆ ಆಸ್ಬೆಸ್ಟೋಸಿಸ್ ಇರುವುದು ಕಂಡಿತು. ದೇಶದಲ್ಲಿ ಸುಮಾರು ಒಂದು ಲಕ್ಷ ಮಂದಿ ಕಲ್ನಾರಿಗೆ ಒಡ್ಡಿಕೊಂಡಿದ್ದರೂ ಪರಿಹಾರ ಪಡೆದವರು 30ಕ್ಕಿಂತ ಕಡಿಮೆಯೆಂದು ಲೇಖಕರು ಅಂದಾಜಿಸಿದರು. ರೋಗವನ್ನು ಕ್ಷಯವೆಂದೋ ಹಳೆಯ ಕೆಮ್ಮೆಂದೋ ಬರೆದು ಕಳಿಸುವುದು, ಇಂಥ ರೋಗ ಪತ್ತೆಹಚ್ಚುವ ತರಬೇತಿ ವೈದ್ಯರಿಗೆ ಇಲ್ಲದಿರುವುದು, ಕಾರ್ಮಿಕರ ಬಗ್ಗೆ ಮಧ್ಯಮ ವರ್ಗದ ವೈದ್ಯರಿಗಿರುವ ತಾತ್ಸಾರ ಇವೇ ಅದಕ್ಕೆ ಕಾರಣವೆಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ನಮ್ಮ ಆಸ್ಪತ್ರೆಗಳ ಕೇಸ್ ಪೇಪರಿನಲ್ಲಿ ಬೀಡಿ-ಸಿಗರೇಟಿನ ಚಟದ ಬಗ್ಗೆ ಕೇಳುವಷ್ಟು ತಪ್ಪದೆ, ಯಾವ ಖಾತೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳುವ ರೂಢಿ ಬೆಳೆದಿಲ್ಲ.

ಇಷ್ಟೆಲ್ಲ ಕಾಯಂ ಕಾರ್ಮಿಕರ ಮಾತಾಯಿತು. ದಾರುಖಾನಾದ ಹಡಗು ಒಡೆಯುವವನ ಪಾಡು ಬೇರೆ. ಹಳೆಯ ಹಡಗುಗಳ ಎಂಜಿನ್ ಕೋಣೆಯಲ್ಲಿಯೂ ಉಗಿಕೊಳವೆಗಳ ಸುತ್ತಲೂ ಶಾಖ ತಡೆಯಲೆಂದು ಕಲ್ನಾರು ಹೊದಿಸಿರುತ್ತಿತ್ತು. ಅದನ್ನು ಕಿತ್ತು ತೆಗೆಯುವಾಗ ಏಳುವ ಧೂಳು ಕಾರ್ಖಾನೆಯ ಧೂಳಿಗಿಂತ ಯಾವ ರೀತಿಯಲ್ಲೂ ಸೌಮ್ಯವಲ್ಲ. ಮುಕಾದಮನ ಕೈಕೆಳಗೆ ದಿನಗೂಲಿಗೆ ದುಡಿದು, ನೇಮಕಪತ್ರವಾಗಲಿ ವಿಮಾ ಸಂಖ್ಯೆಯಾಗಲಿ ಇಲ್ಲದವನು ಒಬ್ಬನೇ ಮಾಲೀಕನ ಬಳಿ ಆರು ತಿಂಗಳು ಸತತವಾಗಿ ದುಡಿದುದನ್ನು ತೋರಿಸುವುದೆಂತು?

ವಿದೇಶದ ನ್ಯಾಯಾಲಯಗಳ ದಾರಿಯೂ ಒಂದಿತ್ತು. ದಕ್ಷಿಣ ಆಫ್ರಿಕದ 3,000ಕ್ಕೂ ಹೆಚ್ಚು ಮಂದಿ ಕಲ್ನಾರು ಉದ್ಯಮದ ಬ್ರಿಟಿಷ್ ಸಂಸ್ಥೆಯಾದ ಕೇಪ್ ಕಂಪನಿಯ ಮೇಲೆ ಇಂಗ್ಲೆಂಡಿನಲ್ಲಿಯೇ ದಾವೆ ನಡೆಸಬಹುದೆಂದು ಅಲ್ಲಿನ ಹೌಸ್ ಆಫ್ ಲಾರ್ಡ್ಸ್ 2000ದ ಜುಲೈನಲ್ಲಿ ತೀರ್ಮಾನಿಸಿದ ಮೇಲೆ, ಮಾತೃಸಂಸ್ಥೆಯ ಮೇಲೆ ಅದರ ತವರಿನಲ್ಲಿಯೇ ದಾವೆ ಹೂಡಬಹುದೆಂಬುದು ಖಚಿತವಾಯಿತು. ಮುಂಬಯಿಯ ಮಟ್ಟಿಗೆ ಆ ಬಾಗಿಲು ಬೇಗ ಕಿರಿದಾಯಿತು: ಟರ್ನರ್ ಅಂಡ್ ನ್ಯೂವಾಲ್ ಅನ್ನು ಕೊಂಡಿದ್ದ ಅಮೆರಿಕದ ಫೆಡರಲ್-ಮೊಗಲ್ 2001ರ ಅಕ್ಟೋಬರ್ 1ರಂದು, ಕಲ್ನಾರು ದಾವೆಗಳ ಹೊರೆಯಿಂದಲೇ, ದಿವಾಳಿ ರಕ್ಷಣೆ ಕೋರಿತು.

ಭಾರತದಲ್ಲಿ ಕಲ್ನಾರು ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದು 1986ರಲ್ಲಿ ನಿಂತಿತಾದರೂ ಬಿಳಿ ಕಲ್ನಾರಿನ ಆಮದು ನಿಲ್ಲಲಿಲ್ಲ. ಕಲ್ನಾರನ್ನು ನಿಷೇಧಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ತಳ್ಳಿಹಾಕಿ, 1995ರ ನಿರ್ದೇಶನಗಳನ್ನು ಪಾಲಿಸಬೇಕೆಂದಿತು. ಕಲ್ನಾರು ಬಳಕೆಯ ಸುರಕ್ಷತೆ ಕುರಿತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1986ರ 162ನೆಯ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ.

ಕೊನೆಯದಾಗಿ, ಕಾರ್ಮಿಕರೇ ಅಲ್ಲದವರು. ಗಂಡನ ಧೂಳು ಹಿಡಿದ ಅಂಗಿ ಒಗೆದ ಹೆಂಡತಿ, ಕಾರ್ಖಾನೆಯ ಗೋಡೆಯ ಪಕ್ಕದಲ್ಲಿ ಬೆಳೆದ ಮಗು, ಆಂಟಾಪ್ ಹಿಲ್‌ನಂಥ ಬಸ್ತಿಗಳಲ್ಲಿ ಹಳೆಯ ಸಿಮೆಂಟ್ ಶೀಟನ್ನು ಗರಗಸದಿಂದ ಕೊಯ್ದು ಮಾಡು ರಿಪೇರಿ ಮಾಡುವವನು, ಇವರಾರೂ ಮೇಲಿನ ಯಾವ ಕಾಯ್ದೆಯ ಅರ್ಥದಲ್ಲಿಯೂ ನೌಕರರಲ್ಲ. ಜಪಾನಿನಲ್ಲಿ ಕುಬೋಟಾ ಕಾರ್ಖಾನೆಯ ಸುತ್ತಲಿನ ನಿವಾಸಿಗಳಿಗೆ ಮೆಸೊಥೀಲಿಯೋಮಾ ಬಂದಿರುವುದು 2005ರಲ್ಲಿ ಬಯಲಾದಾಗ, ಮರುವರ್ಷವೇ ಅಲ್ಲಿನ ಸರ್ಕಾರ ಉದ್ಯೋಗದ ಷರತ್ತಿಲ್ಲದ ಪರಿಹಾರ ಕಾನೂನನ್ನು ಮಾಡಿತು. ಭಾರತದಲ್ಲಿ ಅಂಥ ಕಾನೂನಿಲ್ಲ. ಇಂಥವರಿಗೆ ಬಹುಮಟ್ಟಿಗೆ ಉಳಿದಿರುವುದು ನಿರ್ಲಕ್ಷ್ಯವನ್ನೂ, ಕಾರಣವನ್ನೂ, ಹೊಣೆಗಾರನನ್ನೂ ತಾವೇ ಸಾಬೀತುಪಡಿಸಬೇಕಾದ ಸಿವಿಲ್ ದಾವೆ.